ಐದನೇ ಏಟು

ನಂಬೋದು ಬಿಡೋದು ನಿಮಗೆ ಸೇರಿದ್ದು. ಆದರೆ ಇದು ಯಾರೋ ಯಾರಿಗೋ ಹೇಳಿದ್ದಲ್ಲ, ನಮ್ಮ ಚಿಕ್ಕಮ್ಮನ ಕಿರಿಮಗಳಿಗೇ ಆದದ್ದು. ಹಾಸಿಗೆ ಹೊಲಿಯುವ ಅಂಗಡಿ ಇಟ್ಟಿದ್ದಾಳಲ್ಲ, ಅವಳಿಗೆ. ಮನೆಯವರೆಲ್ಲ ಅವಳನ್ನು ಕರೆಯೋದು ಗಡಿಬಿಡಿ ಅಂತ. ಆ ದೀಪ ಸ್ವಲ್ಪ ಸಣ್ಣದು ಮಾಡಿ... ಹಾಂ, ಸಾಕು.

ಅವತ್ತು ಗಡಿಬಿಡಿ ಹಳೇ ಬಾವಿಯ ದಾರಿಯಲ್ಲಿ ಮನೆಗೆ ನಡೆದು ಬರುತ್ತಿದ್ದಳು. ಹೊತ್ತಾಗಿತ್ತು. ಬೀದಿದೀಪ ಕೆಟ್ಟಿತ್ತು. ಬಾವಿಯ ಬಾಯಿಗೆ ಹಾಕಿದ ಕಬ್ಬಿಣದ ಜಾಲರಿ ಗಾಳಿಗೆ ಕಿಣಿಕಿಣಿ ಅನ್ನುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಹೆದರುತ್ತಿದ್ದರು. ಇವಳ ಮೈಯಲ್ಲಿ ಹೆದರಿಕೆಗೆ ಜಾಗವೇ ಇರಲಿಲ್ಲ, ಅಷ್ಟು ಸಿಟ್ಟು ತುಂಬಿತ್ತು. ಗಡಿ ದಾಟುವ ಪರ್ಮಿಟ್ಟಿಗೆ ಕೊಟ್ಟ ಫೋಟೋ ಮತ್ತೆ ವಾಪಸ್ ಬಂದಿತ್ತು. ಮೊದಲು ಕಿವಿ ಕಾಣುತ್ತಿಲ್ಲ ಅಂದಿದ್ದರು. ಕಿವಿ ಕಾಣುವ ಹಾಗೆ ತೆಗೆಸಿಕೊಂಡು ಹೋದರೆ, ನಗುತ್ತಿದ್ದೀರಿ ಅಂದರು. ಇವರ ಆಫೀಸಿಗೆ ಅಲೆದೂ ಅಲೆದೂ ನಗು ಬರುವವರು ಯಾರಿದ್ದಾರೆ ಅಂತ ಅವಳು ದಾರಿಯುದ್ದಕ್ಕೂ ಗೊಣಗಿದಳು.

ಗಡಿಯಾಚೆ ಇದ್ದದ್ದು ಅವಳ ಅಕ್ಕ. ಒಂಟಿ ಜೀವ. ಶ್ವಾಸಕೋಶ ಕೆಟ್ಟು ಹಾಸಿಗೆ ಹಿಡಿದಿದ್ದಳು. ವಿಮಾನ ಹತ್ತಿಸಕೂಡದು ಅಂತ ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದರು. ಮಲಗಿಸಿಕೊಂಡು ರಸ್ತೆಯಲ್ಲೇ ತರಬೇಕು. ಚಳಿಗಾಲ ಹತ್ತಿರ ಬಂದಿತ್ತು. ಹಿಮ ಬಿತ್ತೆಂದರೆ ಬೆಟ್ಟದ ದಾರಿ ಮುಚ್ಚುತ್ತಾರೆ. ಮತ್ತೆ ತೆರೆಯುವ ತನಕ ಅಕ್ಕ ಉಳಿಯುವ ಭರವಸೆ ಯಾರಿಗೂ ಇರಲಿಲ್ಲ. ಇದ್ದದ್ದು ಅಪ್ಪನ ಹಳೇ ವ್ಯಾನು ಒಂದೇ. ಜೊತೆಗೆ ಬರ್ತೀನಿ ಅಂದವರು ಒಬ್ಬರಿಲ್ಲ, ಬುದ್ಧಿ ಹೇಳಿದವರು ಊರ ತುಂಬ. "ಗಡಿಬಿಡಿ ಗಡಿ ದಾಟ್ತಾಳಂತೆ" ಅಂತ ನೆಂಟರೆಲ್ಲ ನಕ್ಕರು.

ಬಾವಿ ದಾಟಿದಳು. ಆಗ ಕೇಳಿಸಿತು.

ಠಂಗ್...

ಅವಳ ಮನೆ ಕಡೆಯಿಂದಲೇ. ನಿಂತಳು.

ಠಂಗ್... ಠಂಗ್... ಠಂಗ್... ಆಮೇಲೆ ಕಿರ್ರ್ ಅಂತ ಬಾಗಿಲು ತೆಗೆದ ಸದ್ದು. ಆಮೇಲೆ ಏನೂ ಇಲ್ಲ.

ಓಡಿ ಬಂದು ನೋಡಿದರೆ ಅಂಗಳದಲ್ಲಿ ವ್ಯಾನು ಸುಮ್ಮನೆ ನಿಂತಿತ್ತು. ಬಾಗಿಲುಗಳಿಗೆಲ್ಲ ಬೀಗ. ಸುತ್ತ ಒಂದು ನರಪಿಳ್ಳೆ ಇಲ್ಲ.

ಆ ಸದ್ದು ಅವಳಿಗೆ ಹೊಸದಲ್ಲ. ಅಪ್ಪ ದೂರದ ದಾರಿಯ ಡ್ರೈವರ್ ಆಗಿದ್ದ. ಹೊರಡುವ ಹಿಂದಿನ ರಾತ್ರಿ ಗುದ್ದಲಿಯ ಮರದ ಕಾವು ಹಿಡಿದು ವ್ಯಾನಿನ ಸುತ್ತ ಬರುತ್ತಿದ್ದ. ಒಂದೊಂದು ಟೈರಿಗೂ ಒಂದೊಂದು ಏಟು. ಗಾಳಿ ಸರಿಯಿದ್ದರೆ ಠಂಗ್. ಕಮ್ಮಿಯಿದ್ದರೆ ದೊಪ್. ಅಕ್ಕತಂಗಿ ಹೊದಿಕೆಯೊಳಗೆ ಕಿವಿ ನೆಟ್ಟು ಮಲಗಿರುತ್ತಿದ್ದರು. ಎಲ್ಲ ಠಂಗ್ ಅಂದರೆ ಅಪ್ಪ ಕ್ಷೇಮವಾಗಿ ಬರ್ತಾನೆ ಅಂತ ಲೆಕ್ಕ. ಗಡಿಬಿಡಿ ಮಾತ್ರ ಏಟು ಮುಗಿಯುವ ಮೊದಲೇ ನಿದ್ದೆಗೆ ಬೀಳುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ಆ ಕಾವನ್ನು ನೆನಪಿಗಿರಲಿ ಅಂತ ಅಕ್ಕ ತನ್ನ ಜೊತೆ ಗಡಿಯಾಚೆಗೆ ಒಯ್ದಿದ್ದಳು.

ಹಾಗಾಗಿ ಇದು ಯಾರದೋ ಕಿಡಿಗೇಡಿತನ ಅಂತಲೇ ಅವಳು ಅಂದುಕೊಂಡಳು. ಬೆಳಗಾದ ಕೂಡಲೇ ಮೆಕ್ಯಾನಿಕ್‌ನನ್ನು ಕರೆಸಿದಳು. ಅವನು ಗೇಜು ಇಟ್ಟು ಗಾಳಿ ನೋಡಿದ.

"ನಾಲ್ಕೂ ಹೊಸ ಟೈರು ಕಣಕ್ಕಾ. ಇವಕ್ಕೇನಾಗಿದೆ? ನಿಮ್ಮ ಕಿವೀನೇ ಚೆಕ್ ಮಾಡಿಸ್ಬೇಕು."

"ಮಾಡಿಸ್ತೀನಿ. ನೀನು ಮೊದ್ಲು ಆ ಬ್ರೇಕ್ ಸರಿ ಮಾಡು. ನಾಳೆ ನಾಳೆ ಅಂತ ವಾರ ಆಯ್ತು."

ಅವನು ಹಲ್ಲು ಕಿರಿದು ವ್ಯಾನಿನ ಕೆಳಗೆ ತೂರಿದ.

ಒಳಗಿನ ಕೆಲಸ ಅವಳದೇ. ನಡುವಿನ ಸೀಟುಗಳನ್ನು ಕಿತ್ತು, ಅಕ್ಕನಿಗಾಗಿ ಒಂದು ಹಾಸಿಗೆ ಹೊಲಿದಿದ್ದಳು. ಮಲಗಿದರೆ ಉಸಿರು ಕಟ್ಟುತ್ತದೆ ಅಂತ ತಲೆ ಕಡೆ ಎತ್ತರ, ಬೆನ್ನಿಗೆ ಗಟ್ಟಿ ಹತ್ತಿ, ಅಂಚಿಗೆ ದಬ್ಬಣದಲ್ಲಿ ಎರಡು ಸುತ್ತು ಹೊಲಿಗೆ. ಚಂದದ ಹಾಸಿಗೆ. ಆದರೆ ಕಾಲಿನ ಕಡೆ ಒಂದು ಗೇಣು ಉದ್ದ ಜಾಸ್ತಿಯಾಗಿ, ಹಿಂದಿನ ಬಾಗಿಲ ಹತ್ತಿರ ನಿಲ್ಲಿಸಿದ್ದ ಸ್ಟೆಪ್ನಿ ಚಕ್ರಕ್ಕೆ ತಾಗುತ್ತಿತ್ತು. "ಹಾಸಿಗೆ ಕತ್ತರಿಸಿ, ಇಲ್ಲ ಚಕ್ರ ಇಳಿಸಿ" ಅಂದಿದ್ದ ಮೆಕ್ಯಾನಿಕ್. ಹೊಲಿದು ಮುಗಿಸಿದ ಹಾಸಿಗೆಗೆ ಕತ್ತರಿ ಹಾಕುವ ಮಾತು ಅವಳ ಮುಂದೆ ಆಡಬಾರದು. ಹಿಂದಿನ ವಾರವೇ ಸ್ಟೆಪ್ನಿ ಅವನ ಶೆಡ್ಡಿಗೆ ಹೋಗಿತ್ತು. ಅದನ್ನು ಅವಳು ಅವತ್ತೇ ಮರೆತಿದ್ದಳು.

ಅಂತೂ ಪರ್ಮಿಟ್ ಬಂತು. ಅಷ್ಟರಲ್ಲಿ ವಿಮೆಯವರು ಗಡಿಯಾಚೆಗೆ ನಮ್ಮದು ನಡೆಯಲ್ಲ ಅಂದರು. ಅದೂ ಮುಗಿಯಿತು ಅನ್ನುವಾಗ ಬ್ಯಾಟರಿ ಕೈಕೊಟ್ಟಿತು. ಪ್ರತಿ ರಾತ್ರಿ ಅದೇ... ಠಂಗ್, ಠಂಗ್, ಠಂಗ್, ಠಂಗ್, ಕಿರ್ರ್. ಎದ್ದು ಹೋಗಿ ಟಾರ್ಚು ಹಾಕಿದರೆ ಖಾಲಿ. ಮಲಗಿದರೆ ಮತ್ತೆ ಮೊದಲಿಂದ. ಅವಳಿಗೆ ಅಳು ಬರುವಷ್ಟು ರೇಗಿಹೋಯಿತು. ನಿದ್ದೆಯಿಲ್ಲದ ಕಣ್ಣಲ್ಲಿ ಬೆಟ್ಟ ಹತ್ತುವುದು ಹೇಗೆ?

ಹೊರಡುವ ಹಿಂದಿನ ರಾತ್ರಿ ಫೋನ್ ತೆಗೆದಳು.

"ಅಕ್ಕಾ... ಎದ್ದಿದ್ದೀಯಾ?" ಪಿಸುಗುಟ್ಟಿದಳು.

"ನಿದ್ದೆ ಎಲ್ಲಿ... ಏನೇ?"

"ಮಾತಾಡ್ಬೇಡ. ಸುಮ್ನೆ ಕೇಳು."

ಕಿಟಕಿಗೆ ಫೋನ್ ಹಿಡಿದಳು. ಠಂಗ್... ಠಂಗ್... ಠಂಗ್... ಠಂಗ್... ಕಿರ್ರ್...

ಆ ಕಡೆ ಅಕ್ಕನ ಉಸಿರು ಮಾತ್ರ. ಗೊರ್... ಗೊರ್...

"ಅಪ್ಪ" ಅಂದಳು ಅಕ್ಕ.

"ಹುಚ್ಚು ಹಿಡಿಸ್ಬೇಡ ಕಣೇ."

"ಐದನೇದು ಎಲ್ಲಿ?"

"ಯಾವ ಐದನೇದು?"

"ಹಿಂದಿನ ಬಾಗಿಲು ತೆಗೆದು... ಕೊನೇ ಏಟು ಹೊಡೀತಿದ್ನಲ್ಲ. ನೀನು ಅಷ್ಟೊತ್ತಿಗೆ ಮಲಗಿಬಿಡ್ತಿದ್ದೆ." ಅಕ್ಕ ಉಸಿರು ಎಳೆದುಕೊಂಡಳು. "ಏ ಗಡಿಬಿಡಿ... ಸ್ಟೆಪ್ನಿ ಎಲ್ಲಿಟ್ಟೆ?"

ಅದನ್ನು ಮೆಕ್ಯಾನಿಕ್‌ನ ಶೆಡ್ಡಿಗೆ ಕಳಿಸಿದ್ದು ಗಡಿಬಿಡಿಗೆ ಆಗ ನೆನಪಾಯಿತು. ಅವಳ ಸ್ವಭಾವ ನಿಮಗೆ ಗೊತ್ತಲ್ಲ. ಮರುಕ್ಷಣವೇ ಸಿಟ್ಟು ನೆತ್ತಿಗೇರಿತು. ಕಿಟಕಿ ಪೂರ್ತಿ ತೆಗೆದು ಕತ್ತಲಿಗೆ ಬೈದಳು.

"ಬದುಕಿದ್ದಾಗ್ಲೂ ಹೀಗೇ, ಸತ್ತ ಮೇಲೂ ಹೀಗೇ! ಸ್ಟೆಪ್ನಿ ಅಂತ ಒಂದು ಮಾತು ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ನಿಂಗೆ?"

ಅಂಗಳ ಗಪ್‌ಚಿಪ್ ಆಯಿತು.

ಆ ಹೊತ್ತಿನಲ್ಲೇ ಹೋಗಿ ಮೆಕ್ಯಾನಿಕ್‌ನ ಬಾಗಿಲು ಬಡಿದಳು. ಅವನು ಅರೆನಿದ್ದೆಯಲ್ಲಿ ಶೆಡ್ಡಿನ ಬೀಗದಕೈ ಎಸೆದು ಮತ್ತೆ ಮಲಗಿದ. ಚಕ್ರವನ್ನು ನೆಟ್ಟಗೆ ನಿಲ್ಲಿಸಿ ಉರುಳಿಸಿಕೊಂಡು ಹೊರಟಳು. ಗರಗರ... ಗರಗರ... ಬಾವಿಯ ಹತ್ತಿರ ಏರು. ಅವಳ ತೋಳು ಸೋತಿತು. ಇನ್ನು ಆಗಲ್ಲ ಅಂತ ಹಲ್ಲು ಕಚ್ಚುವಾಗ ಚಕ್ರ ಹಗುರಾಯಿತು. ಅವಳು ಕೈ ಇಟ್ಟಿದ್ದಳು ಅಷ್ಟೇ, ತಳ್ಳುತ್ತಿರಲಿಲ್ಲ. ಪಕ್ಕಕ್ಕೆ ತಿರುಗಿ ನೋಡುವ ಧೈರ್ಯ ಮಾತ್ರ ಮಾಡಲಿಲ್ಲ.

ಮನೆಗೆ ಬಂದವಳೇ ಕತ್ತರಿ ತೆಗೆದಳು. ಹೊಟ್ಟೆ ಉರಿದುಕೊಂಡೇ ಹಾಸಿಗೆಯ ಕಾಲ ಕಡೆ ಒಂದು ಗೇಣು ಕತ್ತರಿಸಿ, ಅಂಚು ಹೊಲಿದು, ಚಕ್ರವನ್ನು ಅದರ ಜಾಗದಲ್ಲಿ ನಿಲ್ಲಿಸಿದಳು. ಬೀಗ ಹಾಕಿ ಬಂದು ಮಲಗಿದಳು.

ಠಂಗ್... ಠಂಗ್... ಠಂಗ್... ಠಂಗ್... ಕಿರ್ರ್...

ದಿಂಬಿನಿಂದ ತಲೆ ಎತ್ತಿ ಕಿವಿಗೊಟ್ಟಳು.

ಠಂಗ್.

ಧಡ್ ಅಂತ ಬಾಗಿಲು ಮುಚ್ಚಿತು. ಅಷ್ಟು ದಿನ ತಡೆದಿದ್ದ ಅಳುವನ್ನು ಅವಳು ದಿಂಬಿಗೆ ಮುಖ ಒತ್ತಿ ಅತ್ತುಬಿಟ್ಟಳು. ಆಮೇಲೆ ಒಳ್ಳೇ ನಿದ್ದೆ ಬಂತಂತೆ.

ಹೋಗುವಾಗ ದಾರಿ ಸಲೀಸಾಗಿತ್ತು. ವಾಪಸ್ ಬರುವಾಗ, ಅಕ್ಕನನ್ನು ಮಲಗಿಸಿಕೊಂಡು ಬೆಟ್ಟ ಇಳಿಯುತ್ತಿದ್ದಾಗ, ಹಿಮ ಉದುರಲು ಶುರುವಾಗಿತ್ತು. ಆಗ ಹಿಂದಿನ ಟೈರು ಪಟಾರ್ ಅಂತ ಸಿಡಿಯಿತು. ಎರಡೂ ಕಡೆ ಒಂದು ದೀಪವಿಲ್ಲ, ಒಂದು ಗಾಡಿಯಿಲ್ಲ. ಸ್ಟೆಪ್ನಿ ಇಲ್ಲದಿದ್ದರೆ ಆ ಚಳಿಯಲ್ಲಿ ಅಕ್ಕನ ಉಸಿರು ಅಲ್ಲೇ ನಿಲ್ಲುತ್ತಿತ್ತು. ಮರಗಟ್ಟಿದ ಬೆರಳಲ್ಲಿ ನಟ್ಟು ಬಿಚ್ಚುತ್ತಾ ಗಡಿಬಿಡಿ ಮೆಕ್ಯಾನಿಕ್‌ನನ್ನೂ ಟೈರಿನವನನ್ನೂ ತನ್ನನ್ನೂ ಬೈದುಕೊಂಡಳಂತೆ. ಅಪ್ಪನನ್ನು ಮಾತ್ರ ಬೈಯಲಿಲ್ಲ.

ಅವರು ಮನೆಗೆ ಬಂದ ದಿನ ನಾನೂ ಹೋಗಿದ್ದೆ. ಅಕ್ಕ ಈಗಲೂ ಇದ್ದಾಳೆ, ಬೇಕಾದರೆ ಹೋಗಿ ಕೇಳಿ. ಅವಳ ಸಾಮಾನಿನಲ್ಲಿ ಆ ಗುದ್ದಲಿ ಕಾವೂ ಬಂದಿತ್ತು. ಗಡಿಯಾಚೆಗೆ ಒಯ್ದಾಗಲೇ ಅದನ್ನು ಚೆನ್ನಾಗಿ ಉಜ್ಜಿ ತೊಳೆದು, ಬಟ್ಟೆ ಸುತ್ತಿ, ದಾರದಲ್ಲಿ ಹೊಲಿದಿಟ್ಟಿದ್ದಳಂತೆ. ಆಮೇಲೆ ಬಿಚ್ಚಿಲ್ಲ. ಹೊಲಿಗೆ ಹಾಗೇ ಇತ್ತು. ನಮ್ಮೆಲ್ಲರ ಮುಂದೆ ಗಡಿಬಿಡಿಯೇ ದಾರ ಕತ್ತರಿಸಿದಳು.

ಕಾವಿನ ತುದಿಯನ್ನು ನಾನು ಮುಟ್ಟಿದೆ. ನನ್ನ ಬೆರಳಿಗೆ ಟೈರಿನ ಕಪ್ಪು ಹತ್ತಿತು.