ಮಾರೆವ್ವನ ಕದದ ಮ್ಯಾಲಿನ ನವಿಲು

ಇದು ನಮ್ಮ ಓಣಿ ಮುನವ್ವರಗ ಆಗಿದ್ದು. ಸುಳ್ಳು ಅನ್ನೋರು ಈಗ ಎದ್ದು ಹೋಗ್ರಿ... ಕೂಡೋರು ದನಿ ಸಣ್ಣ ಮಾಡ್ರಿ.

ಅವತ್ತು ರಾತ್ರಿ ಹನ್ನೊಂದು ಹೊಡದಿತ್ತು. ಗಂಗಾವತಿ ರೈಸ್ ಮಿಲ್ಲಿನ ಹಿಂದ ಇರೋ ತನ್ನ ಶೆಡ್ಡಿಗೆ ಕೀಲಿ ಹಾಕಿ ಮುನವ್ವರ ಮನಿ ಕಡೆ ನಡದಿದ್ದ. ದಾರ್ಯಾಗ ಹಾಳು ಬಾವಿ, ಬಾವಿ ಮ್ಯಾಲೆ ಆಲದ ಮರ. ದಾಟೂದೇ ತಡ, ಹಿಂದ ಸಪ್ಪಳ...

ಸರ್ರ್... ಸರ್ರ್... ಸರ್ರ್...

ಒಣ ಎಲಿ ಅಲ್ಲ. ಹಾವೂ ಅಲ್ಲ. ಕಟಗಿ ಮ್ಯಾಲೆ ಉಪ್ಪುಕಾಗದ ತಿಕ್ಕೂ ಸಪ್ಪಳ. ದಿನಾ ತಿಕ್ಕಾವಗ ಬ್ಯಾರೆ ಹೇಳಬೇಕೇನು? ಅಂವ ನಿಂತ. ಅದೂ ನಿಂತಿತು.

"ಯಾವನಲೇ ಅವ?"

ಕತ್ತಲದಾಗ ಯಾರೋ ಪುಡಿ ಊದಿದಂಗ... ಫೂ. ಆಮ್ಯಾಲೆ ಒಂದು ಮುದುಕಿ ದನಿ.

"ಇಷ್ಟೇ ಏನು?"

ಮುನವ್ವರನ ಕಸುಬು ಏನಂದ್ರ, ಕೆಡವಿದ ಮನಿ ಕದ, ಕಿಟಕಿ, ಮುರಕ ಚಕ್ಕಡಿ ಹಲಗಿ ತರೋದು, ಕೆರದು ನುಣ್ಣಗ ಮಾಡಿ, ಗಿಣಿ, ಕಮಲ ಬರದು ಹೋಟೆಲಿನ ಗ್ವಾಡಿಗೆ ಕೊಡೋದು. ಕೈ ಛಲೋ ಇತ್ತು. ಬಾಯಿ ಮಾತ್ರ ಕೆಟ್ಟದ್ದು. "ಬಾಗಲಾ ಗ್ವಾಡಿಗೆ ತೂಗ ಹಾಕೋ ಮಂದಿ ಇವರು! ಮುಸುರಿ ಬಾನಿಗೆ ಬಣ್ಣ ಹಚ್ಚಿ ಕೊಟ್ರ ದೇವರ ಜಗಲಿ ಮ್ಯಾಲೆ ಇಟಗೋತಾರ," ಅಂತ ಗಿರಾಕಿ ಬೆನ್ನ ಹಿಂದ ಉಗುಳತಿದ್ದ.

ಅದೇ ದಿನ ಮುಂಜಾನೆ ಹನುಮಸಾಗರದಿಂದ ಒಂದು ತೇಗದ ಕದ ತಂದಿದ್ದ. ಪಂಪಣ್ಣ ಅನ್ನಾವ ಹಳೇ ಮನಿ ಕೆಡವಾಕತ್ತಿದ್ದ. ಕದದ ಒಳಮೈ ತುಂಬ ಸುಣ್ಣದಿಂದ ಬೆರಳಲೇ ಬರದ ಸಾಲು ಸಾಲು ನವಿಲು.

"ಯಾರ ಕೈಕೆಲಸರಿ ಇದು?"

"ತೀರಿಹೋದ ನಮ್ಮವ್ವಂದು, ಮಾರೆವ್ವಂದು. ವರ್ಷಕ್ಕೊಂದು ಬರೀತಿದ್ಲು. ಕೆರದು ಒಗೀರಿ."

"ನವಿಲೇನ್ರಿ ಇವು? ಜಡ್ಡು ಬಡದ ಕೋಳಿ ಇದ್ದಂಗ ಅದಾವಲ್ಲ!"

ಪಂಪಣ್ಣನೂ ಹೊಟ್ಟಿ ಹಿಡಕೊಂಡು ನಕ್ಕ. ಸ್ವಂತ ಅವ್ವನ ಕೈ ನೋಡಿ ನಕ್ಕ ಗಂಡಸು! ಅವನ ಹೇಣ್ತಿ ರೂಪಾ ಮಾತ್ರ ನಗಲಿಲ್ಲ. "ಸಾಯೂ ಹಿಂದಿನ ದಿನಾನೂ ಅತ್ತಿ ಆ ಕದದ ಧೂಳ ಒರಸಿದ್ರು," ಅಂದ್ಲು.

"ನೀ ಒಳಗ ನಡಿ," ಅಂದ ಪಂಪಣ್ಣ.

ಮಧ್ಯಾಹ್ನದಾಗ ಮುನವ್ವರ ಎಲ್ಲಾ ಕೆರದ. ಸಂಜಿಮುಂದ ಒಂದೇ ಒಂದು ದೊಡ್ಡ ನವಿಲು ಬರದ. ನೀಲಿ ಎಣ್ಣಿಬಣ್ಣ, ಬಂಗಾರದ ಅಂಚು. ಹೋಟೆಲ್ ಮಾಲಕ ಶುಕ್ರವಾರ ನೋಡಾಕ ಬರಾವಿದ್ದ. ಮನಸ್ಸಿಗೆ ಬಂದ್ರ ಎಲ್ಲಾ ಖೋಲಿ ಕೆಲಸಾನೂ ಇವಂಗ.

ಬಾವಿ ಹತ್ರ ದನಿ ಕೇಳಿದ್ದು ಅವತ್ತ ರಾತ್ರಿ.

ಮರುದಿನ ಶೆಡ್ಡು ತಗದ್ರ ಕದದ ಮ್ಯಾಲೆ ನವಿಲಿಲ್ಲ. ಯಾರೂ ಕೆರದಿದ್ದಿಲ್ಲ. ಬಣ್ಣ ಇಡೀ ಸುಲದು ಬಂದು, ನಾಕು ಮಡಿಕಿ ಆಗಿ ನೆಲದ ಮ್ಯಾಲೆ ಬಿದ್ದಿತ್ತು... ಒಗದ ಸೀರಿ ಮಡಚಿಟ್ಟಂಗ. "ಕಳಪೆ ಮಾಲು," ಅಂತ ಬಣ್ಣದ ಅಂಗಡಿಯವಂಗ ಬೈದು ಮತ್ತ ಬರದ. ಅವತ್ತೂ ಬಾವಿ ಹತ್ರ ಸರ್ರ್... ಫೂ... "ಕಣ್ಣಾಗ ಜೀವಾನ ಇಲ್ಲಲ್ಲೋ." ಮುಂಜಾನೆ ಮತ್ತ ನಾಕು ಮಡಿಕಿ.

ನಡದದ್ದೆಲ್ಲಾ ಕೇಳಿ ಹೇಣ್ತಿ ನಾಹೀದಾ ಸಣ್ಣ ದನೀಲೆ ಅಂದ್ಲು: "ರೀ, ನೀವು ನಕ್ಕಿದ್ದು ಆಕಿಗಿ ಕೇಳೇತಿ. ಕದ ತಿರುಗಿ ಕೊಟ್ಟ ಬರ್ರಿ."

"ಸತ್ತ ಮುದುಕಿ ನನಗ ಬಣ್ಣ ಹಚ್ಚೂದು ಕಲಿಸ್ತಾಳೇನು? ಹುಚ್ಚಿ!"

ಗುರುವಾರ ರಾತ್ರಿ ಸುತ್ತಿಗಿ ಹಿಡಕೊಂಡು ಶೆಡ್ಡಿನಾಗ ಕುಂತ. ಕಳ್ಳ ಬಂದ್ರ ತಲಿ ಒಡೀತೀನಿ ಅಂತ. ಎರಡಕ್ಕ ಸಪ್ಪಳ ಚಾಲೂ ಆತು. ಹೊರಗಿಂದಲ್ಲ... ಕಟಗಿ ಒಳಗಿಂದ. ಅಂವ ಕದಕ್ಕ ಕಿವಿ ಹಚ್ಚಿದ.

ಫೂ!

ಕಿವಿ ತುಂಬ ಸುಣ್ಣದ ಪುಡಿ. ಸುತ್ತಿಗಿ ಕೈಯಿಂದ ಜಾರಿತು.

"ಬರಿ."

"ಏ... ಏನು ಬರೀಲಿ ಅವ್ವಾ?"

"ನಕ್ಕಿದ್ಯಲ್ಲ. ಬೆರಳಲೇ ಬರಿ."

ಇಪ್ಪತ್ತು ವರ್ಷ ಬ್ರಷ್ ಹಿಡದಾವ ಬಕೆಟಿನಾಗ ಸುಣ್ಣ ಕಲಸಿ ಕುಂತ. ಒಂದು ಗೆರಿ ಎಳದ್ರ ಸೊಟ್ಟ. "ಇಷ್ಟೇ ಏನು?" ಒರಸಿದ. ಮತ್ತ ಎಳದ. "ಇಷ್ಟೇ ಏನು?" ಬೆರಳ ತುದಿ ಸುಲದು ರಕ್ತ ಬಂತು. ಜಡ್ಡಿನ ಕೋಳಿ ಅಂದಿದ್ದನಲ್ಲ, ಅಂಥಾ ಒಂದು ಕೋಳಿನೂ ಅವನ ಕೈಯಾಗ ಏಳಲಿಲ್ಲ. ಅಳಕೋತ ಬರದ. ಬೆಳಕ ಹರಿಯೂಮುಂದ ಒಂದು ನವಿಲು ಹೆಂಗೋ ಕಾಲೂರಿ ನಿಂತಿತು. ಮುದುಕಿ ದನಿ ಮತ್ತ ಬರಲಿಲ್ಲ.

ಮಾಲಕ ಬಂದು ನೋಡಿ, "ಇದು ನೋಡ್ರಿ ಅಸಲಿ ಹಳೇ ಮಾಲು! ಬಣ್ಣಾ ಸಹಿತ ನೂರು ವರ್ಷದ್ದು!" ಅಂದ. ಸುಣ್ಣ ಇನ್ನೂ ಹಸೀ ಇತ್ತು. ಮುನವ್ವರ ಅವನ ಮಾರಿ ನೋಡಿದ. ನಗು ಬಂತು... ಆದ್ರ ನಗಾಕ ಧೈರ್ಯ ಸಾಲಲಿಲ್ಲ. ಕದ ಎತ್ತಿ ಕೊಟ್ಟ.

ಒಂದು ತಿಂಗಳಿಗೆ ಹೋಟೆಲಿಂದ ಕರಿ ಬಂತು. ಕದ ತೂಗ ಹಾಕಿದ ಗ್ವಾಡಿ ಬೆಚ್ಚಗ ಐತಿ ಅಂತ. ಕರೆಂಟಿನವ ಪ್ಲಾಸ್ಟರ್ ಒಡದು ನೋಡಿದ. ವೈರಿಲ್ಲ, ಪೈಪಿಲ್ಲ. ಬಿಸಿಲೂ ಆ ಕಡೆ ಬೀಳಂಗಿಲ್ಲ. ಕದ ತಗದು ಇನ್ನೊಂದು ಗ್ವಾಡಿಗೆ ಹಾಕಿದ್ರು... ಆ ಗ್ವಾಡಿ ತಣ್ಣಗ, ಮೊದಲಿಂದು ಮಾತ್ರ ಹಂಗೇ ಬೆಚ್ಚಗ. ಮಾರೆವ್ವ ಕದ ಬಿಟ್ಟು ಆ ಗ್ವಾಡ್ಯಾಗ ಕುಂತಾಳ ಅಂತಾರ ಓಣಿ ಮಂದಿ. ಬೆಚ್ಚಗಿದ್ದದ್ದಂತೂ ಖರೇನ. ಜನವರಿ ಚಳ್ಯಾಗ ಮುನವ್ವರ ಅಂಗೈ ಇಟ್ಟು ನೋಡ್ಯಾನ. ಜ್ವರ ಬಂದ ಕೂಸಿನ ಬೆನ್ನು ಮುಟ್ಟಿದಂಗ ಇತ್ತಂತ.