ಎರಡನೇ ಮಂಚ

ಹಲೋ... ಹಾಂ, ಯಾರು ಮಾತಾಡ್ತಿರೋದು?... ಹೌದು, ಟೈಲರಮ್ಮನೇ. ಜಿಪ್ ಹಾಕಿಸೋದಾದ್ರೆ ನಾಳೆ ಬನ್ನಿ, ಇವತ್ತು ಕೈಯೇ ಓಡ್ತಿಲ್ಲ.

...

ಮಕ್ಕಳ ಕಲ್ಯಾಣ ಸಮಿತಿಯಿಂದಾನಾ? ಅಯ್ಯೋ ಮೇಡಂ, ನೀವಾ! ಅವತ್ತು ಮನೆ ನೋಡೋಕೆ ಬಂದು, ಕನ್ನಡಕ ಹಣೆ ಮೇಲಿಟ್ಕೊಂಡು ಊರೆಲ್ಲಾ ಹುಡುಕಿದ್ರಲ್ಲ, ಅದೇ ಮೇಡಂ ಅಲ್ವಾ?... ತಪ್ಪು ತಿಳ್ಕೋಬೇಡಿ, ಬಾಯಿ ಜಾರ್ತು. ಹೇಳಿ. ಬೇಡ, ತಡೀರಿ, ಮಷಿನ್ನಿಂದ ಕಾಲು ತೆಗೀತೀನಿ... ಹಾಂ, ಈಗ ಹೇಳಿ. ನಮ್ಮಣ್ಣನ ಮಕ್ಕಳ ವಿಷಯ ತಾನೇ?

...

ಆರ್ಡರ್ ಆಯ್ತಾ? ಯಾರನ್ನ ಕೊಟ್ರು? ದೊಡ್ಡವಳನ್ನಾ, ಚಿಕ್ಕವಳನ್ನಾ?... ಇಬ್ಬರನ್ನೂನಾ? ಇನ್ನೊಂದ್ಸಲ ಹೇಳಿ... ಇಬ್ಬರನ್ನೂ! ನಿಮ್ಮ ಬಾಯಿಗೆ ಸಕ್ಕರೆ ಹಾಕ! ಇಲ್ಲ ಮೇಡಂ, ಅಳ್ತಿಲ್ಲ, ನಗ್ತಿದೀನಿ. ಏಳು ತಿಂಗಳು! ಅಣ್ಣ ಅತ್ತಿಗೆ ಇಬ್ಬರೂ ಹೋದ್ಮೇಲೆ ಆ ಮಕ್ಕಳು ನಿಮ್ಮ ಬಾಲಮಂದಿರ ಸೇರಿ ಏಳು ತಿಂಗಳಾಯ್ತು. ಒಬ್ಬಳನ್ನ ಕೊಟ್ಟು ಒಬ್ಬಳನ್ನ ಅಲ್ಲೇ ಉಳಿಸ್ಕೊಂಡ್ರೆ ಏನಪ್ಪಾ ಗತಿ ಅಂತ ನನಗೆ ಊಟ ಸೇರ್ತಿರಲಿಲ್ಲ.

...

ಏನು, ಇವತ್ತೇನಾ? ಜೀಪ್ ಹೊರಟಾಯ್ತಾ? ಅರ್ಧ ಗಂಟೇಲಾ? ಅಯ್ಯಯ್ಯೋ, ಮನೆ ತುಂಬಾ ಬಟ್ಟೆ ಚೂರು!... ಹಾಂ? ಎರಡು ಮಂಚ ರೆಡಿ ಇದೆಯಾ ಅಂತಾನಾ?... ಮಂಚ... ಇದೆ ಇದೆ... ಮಂಚಕ್ಕೇನು...

...

ಮೇಡಂ, ಒಂದು ಮಾತು, ಬೈಬೇಡಿ. ಇಬ್ಬರೂ ಬೇಕಂದ್ರೆ ಮಗುವಿಗೊಂದು ಮಂಚ ಇರ್ಬೇಕು ಅಂತ ನಿಮ್ಮ ಫಾರಂನಲ್ಲಿತ್ತಲ್ವಾ? ನನ್ನ ಹತ್ರ ಇರೋದು ಒಂದೇ. ಇನ್ನೊಂದು ಕೆಳಗಿನ ಮನೆ ತಾತಂದು. ನೀವು ಬರೋ ದಿನ ನಾನೂ ಇಸ್ತ್ರಿಯವನೂ ಮೆಟ್ಟಿಲು ಹತ್ತಿಸಿದ್ವಿ. ನೀವು ಆ ಕಡೆ ಹೋದ್ರಿ, ಈ ಕಡೆ ಇಳಿಸಿದ್ವಿ. ಪಾಪ, ತಾತಂಗೆ ಅಲ್ಲೀವರೆಗೂ ಕುರ್ಚೀನೇ ಗತಿ... ಹಲೋ? ಆರ್ಡರ್ ಹರೀಬೇಡಿ ಮೇಡಂ! ಮೂರು ದಿನ ಕೊಡಿ, ಮಷಿನ್ ಮಾರಿಯಾದ್ರೂ ಮಂಚ ತರ್ತೀನಿ.

...

ನಗ್ತಿದೀರಾ?... ಗೊತ್ತಿತ್ತಾ! ಹೇಗೆ?... ದಿಂಬಿನ ಕೆಳಗಾ?... ತಾತನ ಹಲ್ಲುಸೆಟ್ಟು! ಅಯ್ಯೋ ನನ್ನ ಮಾನ ಹೋಯ್ತು! ಅವರು ಅವತ್ತು ಬಾಯಿ ಮುಚ್ಕೊಂಡು ಮೂರು ಸಲ ಬಾಗಿಲಲ್ಲಿ ಇಣುಕಿದ್ರು. ನಾನೇ ಕಣ್ಣು ಬಿಟ್ಟು ಓಡಿಸಿದ್ದೆ. ನೀವು ನೋಡಿಯೂ ದಿಂಬಿಂದ ಮುಚ್ಚಿಟ್ರಾ? ಭಾರೀ ಘಾಟಿ ನೀವು! ನಾನೊಬ್ಬಳು ನೋಡಿ, ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡೆ.

...

ಮತ್ತೆ ಇಬ್ಬರನ್ನೂ ಹೇಗೆ ಕೊಟ್ರಿ?... ಹಾಂ... ಬಾಲಮಂದಿರದಲ್ಲೂ ಎರಡು ಮಂಚ ಕೊಟ್ಟಿದ್ರಾ?... ಬೆಳಿಗ್ಗೆ ನೋಡಿದ್ರೆ ಇಬ್ಬರೂ ಒಂದರಲ್ಲೇನಾ? ದಿನಾನೂ?... ಗದರಿಸಿದ್ರೂ?... ಅದನ್ನೇ ವರದೀಲಿ ಬರೆದ್ರಾ, ಇವರಿಗೆ ಒಂದೇ ಮಂಚ ಸಾಕು ಅಂತ? ಸಮಿತಿಯೋರು ಒಪ್ಪಿದ್ರಾ?... ಮೇಡಂ, ಈಗ ಅಳ್ತಿದೀನಿ. ಹೌದು, ಇದು ಅಳುನೇ.

...

ಪಕ್ಕದಲ್ಲೇ ಇದಾರಾ? ಜೀಪಲ್ಲೇನಾ? ಮೊದಲೇ ಹೇಳ್ಬಾರ್ದಾ, ಕೊಡಿ ಕೊಡಿ!... ಹಲೋ? ಚಿನ್ನಾ? ಅತ್ತೆನೇ ಕಣೇ! ತಂಗಿ ಎಲ್ಲಿ?... ನಿನ್ನ ತೊಡೆ ಮೇಲಾ? ಕಾಲು ಜೋಮು ಹಿಡಿಯಲ್ವೇನೇ?... ಹಾಂ? ಜೋರಾಗಿ ಹೇಳು, ಕೇಳಿಸ್ತಿಲ್ಲ... ಮನೇಲಿ ಮಂಚ ಎಷ್ಟಿದೆ ಅಂತಾನಾ?

...

ಒಂದೇ ಪುಟ್ಟಾ. ಒಂದೇ ಒಂದು.

...

ಅದ್ಯಾಕೆ ಹಾಗೆ ಕಿರುಚ್ತಿದೀರಾ ಇಬ್ಬರೂ! ಕಿವಿ ಹೋಯ್ತು ನಂದು... ಏನು? ಗೋಡೆ ಕಡೆ ಯಾರು ಅಂತ ಆಗಲೇ ಜಗಳಾನಾ? ಬನ್ನಿ, ಮೊದಲು ಬನ್ನಿ. ನಾನು ಕೆಳಗೇ ಚಾಪೆ ಹಾಕ್ಕೊಂಡು ಮಲಗ್ತೀನಿ, ಯಾರು ಉರುಳಿದ್ರೂ ನನ್ನ ಮೇಲೇ ಬೀಳ್... ಹಲೋ? ಚಿನ್ನಾ?... ಜಗಳದ ಭರದಲ್ಲಿ ಫೋನೇ ಕಟ್ ಮಾಡಿಬಿಟ್ರು!