ಸುಣ್ಣ ಯಾವತ್ತೂ ಮೇಲಿಂದ

ಬಣ್ಣದಂಗಡಿಯ ಸಾಲಿನಲ್ಲಿ ನನ್ನ ಮುಂದೆ ಅಣ್ಣ ತಂಗಿ ನಿಂತಿದ್ದರು. ಅಣ್ಣನ ಉಗುರಿನ ಸಂದಿಯಲ್ಲೆಲ್ಲ ಸುಣ್ಣ; ತಂಗಿಯ ಉಗುರಲ್ಲಿ ಕೆಂಪು, ನೀಲಿ.

“ನಗರಸಭೆಯವರಿಗೆ ನೀನೇ ಸಿಕ್ಕಿದ್ಯಾ ಅಣ್ಣ, ನನ್ನ ಚಿತ್ರ ಅಳಿಸೋಕೆ?”

“ಊರ ಗೋಡೆಗೆಲ್ಲ ಸುಣ್ಣ ಹೊಡೆಯೋನು ನಾನೇ. ಇನ್ಯಾರಿಗೆ ಹೇಳ್ತಾರೆ?”

“ನಾನೂ ನನ್ನ ಹುಡುಗೀನೂ ಕೈ ಹಿಡ್ಕೊಂಡು ನಿಂತಿದೀವಿ, ಅಷ್ಟೇ. ಪಕ್ಕದಲ್ಲಿ ‘ನಮಗೂ ಬಾಡಿಗೆಗೆ ಮನೆ ಕೊಡಿ’ ಅಂತ ಬರೆದಿದೀನಿ. ಅದರಲ್ಲಿ ಯಾರಿಗೇನು ತೊಂದರೆ?”

“ಗೋಡೆಗೆ ಕಿವಿ ಇದ್ರೆ ಜನ ಸುಮ್ಮನಿರ್ತಾರೆ. ಬಾಯಿ ಬಂದ್ರೆ ತಡ್ಕೊಳಲ್ಲ. ಅವಳ ಅಪ್ಪಾನೇ ಅರ್ಜಿ ಕೊಟ್ಟಿರೋದು.”

“ಬದುಕಿದ್ದಾಗ ಮಗಳನ್ನ ಕೋಣೇಲಿ ಕೂಡಿಹಾಕಿದ. ಸತ್ತಾಗ ನಂಗೆ ಮುಖ ನೋಡೋಕೂ ಬಿಡಲಿಲ್ಲ. ಈಗ ಗೋಡೆ ಮೇಲೂ ಇರಬಾರದಾ ಅವಳು?”

ಅಣ್ಣ ಕೈಯಲ್ಲಿದ್ದ ನಗರಸಭೆಯ ಚೀಟಿಯನ್ನು ಇನ್ನೊಂದು ಸಲ ಮಡಚಿದ.

“ನಂಗಾಗಲ್ಲ ಅಂದೆ ಕಣೇ. ಹಾಗಾದ್ರೆ ನಾಳೆಯಿಂದ ಕೆಲಸಕ್ಕೆ ಬರಬೇಡ ಅಂದ್ರು.”

ತಂಗಿ ಆ ಚೀಟಿಯನ್ನು ಬಿಡಿಸಿ ಓದಿ ವಾಪಸ್ ಕೊಟ್ಟಳು.

“ಎಲ್ಲಿಂದ ಶುರು ಮಾಡ್ತೀಯ?”

“ನಿಂಗೂ ನಾನೇ ಕಲಿಸಿದ್ದಲ್ವಾ? ಸುಣ್ಣ ಯಾವತ್ತೂ ಮೇಲಿಂದ. ಕೆಳಗೆ ಮೊದಲು ಹೊಡೆದ್ರೆ ಮೇಲಿಂದು ಸೋರಿ ಕಲೆ ಆಗುತ್ತೆ.”

“ಅಂದ್ರೆ ಮೊದಲು ಹೋಗೋದು ಅವಳ ಮುಖ.”

“ಹ್ಞೂಂ.”

“ಕೈ?”

“ಕೈ ಕೆಳಗಿದೆಯಲ್ಲ. ನಿಧಾನಕ್ಕೆ ಹೊಡೀತೀನಿ. ಸಂಜೆ ತನಕ ಹಿಡ್ಕೊಂಡೇ ಇರ್ತೀರಿ.”

ಅಂಗಡಿಯವನು ಕರೆದ. ಅಣ್ಣ ಸುಣ್ಣದ ಚೀಲವನ್ನು ಹೆಗಲಿಗೇರಿಸಿದ. ತಂಗಿ ಇದ್ದುದರಲ್ಲಿ ಅತಿ ಸಣ್ಣ ಕುಂಚವನ್ನು ಆರಿಸಿ ಅವನ ಜೇಬಿಗೆ ಸಿಕ್ಕಿಸಿ, “ಕೈ ಬಂದಾಗ ಇದರಲ್ಲೇ ಹೊಡಿ” ಎಂದು ಹಿಂದೆಯೇ ನಡೆದಳು.